ಬುತ್ತಿಯ ಡಬ್ಬಿ ಹಿಡಿದು ಬಂದ ಗಾಯಕ: ಬಿಲ್ ವಿದರ್ಸ್

(ಸಂಗೀತಾಸಕ್ತರ ಒಂದು ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸವನ್ನು ತುಸು ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಅಂದು ನಡುನಡುವೆ ಹಾಡುಗಳನ್ನು ಕೇಳಿಸಿದ ಕಡೆಗಳಲ್ಲಿ ಇಲ್ಲಿ ಅವುಗಳ ವಿವರಣೆಯನ್ನಷ್ಟೇ ಕೊಡಲು ಸಾಧ್ಯವಾಗಿದೆ.)

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ಒಂದು ಛಾಯಾಚಿತ್ರವನ್ನು ನಿಮ್ಮ ಮುಂದಿಡುತ್ತೇನೆ. 1971ರಲ್ಲಿ ಹೊರಬಂದ ‘ಜಸ್ಟ್ ಆ್ಯಸ್ ಐ ಆ್ಯಮ್’ ಎಂಬ ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ಅಚ್ಚಾದ ಚಿತ್ರವಿದು. ಇಟ್ಟಿಗೆಯ ಗೋಡೆಯ ಪಕ್ಕದಲ್ಲಿ, ದಿನನಿತ್ಯದ ಉಡುಪಿನಲ್ಲಿ, ಕಪ್ಪು ವರ್ಣದ ಒಬ್ಬ ವ್ಯಕ್ತಿ ನಿಂತಿದ್ದಾರೆ. ಹಾಡುಗಾರರ ಚಿತ್ರವೆಂದ ಮೇಲೆ ಕೈಯಲ್ಲಿ ಗಿಟಾರೋ ಮೈಕೋ ಇರಬೇಕೆಂದು ನಾವು ಎಣಿಸುತ್ತೇವೆ. ಇವರ ಕೈಯಲ್ಲಿರುವುದು ಬುತ್ತಿಯ ಡಬ್ಬಿ. ಚಿತ್ರ ತೆಗೆದದ್ದು ಲಾಸ್ ಏಂಜಲೀಸ್ ಸಮೀಪದ ಬರ್ಬ್ಯಾಂಕ್‌ನಲ್ಲಿದ್ದ ವೆಬರ್ ಏರ್‌ಕ್ರಾಫ್ಟ್ ಎಂಬ ಕಾರ್ಖಾನೆಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನ ವೇಳೆಯಲ್ಲಿ. 1970ರ ಜನವರಿಯಲ್ಲಷ್ಟೇ ಪ್ರಯಾಣಿಕರನ್ನು ಹೊತ್ತು ಹಾರಲಾರಂಭಿಸಿದ್ದ ಬೋಯಿಂಗ್ 747 ವಿಮಾನಗಳ ಶೌಚಾಲಯಗಳಿಗೆ ಆಸನಗಳನ್ನು ಜೋಡಿಸುವುದು ಅಲ್ಲಿ ಅವರ ಕೆಲಸವಾಗಿತ್ತು. ಚಿತ್ರದಲ್ಲಿ ಕಾಣುವ ಆ ಡಬ್ಬಿ ಛಾಯಾಗ್ರಾಹಕರು ಕೈಗೆ ಕೊಟ್ಟ ಅಲಂಕಾರವಲ್ಲ, ಅಂದಿನ ಅವರ ಬದುಕಿನ ಭಾಗವೇ ಆಗಿತ್ತು.

ಆ ವ್ಯಕ್ತಿಯ ಹೆಸರು ಬಿಲ್ ವಿದರ್ಸ್. ಆಗ ಅವರಿಗೆ ಮೂವತ್ತೆರಡು ವರ್ಷ. ಜನಪ್ರಿಯ ಸಂಗೀತದ ಲೆಕ್ಕದಲ್ಲಿ ಅದು ತಡವಾದ ವಯಸ್ಸು. ಅದೇ ಕಾಲದ ಸ್ಟೀವಿ ವಂಡರ್ ಹದಿಮೂರಕ್ಕೇ ಪ್ರಸಿದ್ಧರಾಗಿದ್ದರು. ತಡವಾಗಿ ಬಂದ ವಿದರ್ಸ್ ಹದಿನಾಲ್ಕು ವರ್ಷಗಳಲ್ಲಿ ಎಂಟು ಸ್ಟುಡಿಯೊ ಆಲ್ಬಮ್‌ಗಳನ್ನು ಮಾಡಿ, 1985ರಲ್ಲಿ ಕೈತೊಳೆದುಕೊಂಡು ಮನೆಗೆ ಹೋದರು, ಮತ್ತೆ ತಮ್ಮದೊಂದು ಹೊಸ ಆಲ್ಬಮ್ ಮಾಡಲಿಲ್ಲ. ಅವರು ಬಂದ ಬಗೆಗೂ ಹೋದ ಬಗೆಗೂ ಒಂದೇ ಸ್ವಭಾವ ಕಾರಣವೆಂದು ನಾನು ತಿಳಿದಿದ್ದೇನೆ. ಅವರು ಹಾಡನ್ನು ಒಂದು ಕೆಲಸವೆಂದು ಕಂಡರು. ಕೆಲಸ ಬಲ್ಲವನು ಬೇಡವಾದ ಕಡೆ ಮೊಳೆ ಹೊಡೆಯುವುದಿಲ್ಲ, ಹಾಗೆಯೇ ಕೆಲಸ ಗೊತ್ತಿಲ್ಲದ ಮೇಸ್ತ್ರಿಯ ಕೈಕೆಳಗೆ ಬಹಳ ದಿನ ನಿಲ್ಲುವುದೂ ಇಲ್ಲ. ಇಂದಿನ ಮಾತೆಲ್ಲ ಈ ಎರಡು ಸಂಗತಿಗಳ ಸುತ್ತಲೇ ಇರುತ್ತದೆ.

ಮುಂದುವರಿಯುವ ಮುನ್ನ ‘ಸೋಲ್’ ಸಂಗೀತವೆಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕನ್ನಡದ ಕಿವಿಗೆ ಆ ಪದ ‘ಸೋಲು’ ಎಂದೇ ಕೇಳುತ್ತದೆ, ‘ಮನಸೋಲು’ ಎಂಬ ನಮ್ಮ ಮಾತನ್ನು ನೆನೆದರೆ ಆ ತಪ್ಪು ಕೇಳಿಕೆಯೂ ಅಷ್ಟೇನೂ ತಪ್ಪಲ್ಲ. ಮೂಲದಲ್ಲಿ ಅದರ ಅರ್ಥ ಆತ್ಮ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ ಗಾಸ್ಪೆಲ್ ಎಂಬ ಭಕ್ತಿಗೀತೆಯ ಆವೇಶವನ್ನು, ಸಭೆ ಮತ್ತು ಗಾಯಕರ ನಡುವಿನ ಕೊಡುಕೊಳೆಯನ್ನು, ಕುಣಿತದ ಲಯಗಳ ಲೌಕಿಕ ಹಾಡಿಗೆ ಹೊಂದಿಸಿದಾಗ ಹುಟ್ಟಿದ ಪ್ರಕಾರವದು. 1950ರ ದಶಕದ ನಡುಭಾಗದಲ್ಲಿ ರೇ ಚಾರ್ಲ್ಸ್ ಆ ದಾರಿ ತೆರೆದರು. ಮುಂದೆ ಡೆಟ್ರಾಯಿಟ್‌ನ ಮೋಟೌನ್ ಮತ್ತು ಮೆಂಫಿಸ್‌ನ ಸ್ಟ್ಯಾಕ್ಸ್ ಎಂಬ ಎರಡು ಕಂಪನಿಗಳು ಅದಕ್ಕೆ ಎರಡು ಮನೆಗಳಾದವು. ಮೊದಲನೆಯದು ನಯಗೆಲಸದ ಮನೆ, ಎರಡನೆಯದು ಒರಟು ಹಂಚಿನ ಮನೆ. ವಿದರ್ಸ್ ಈ ಎರಡರಲ್ಲಿ ಯಾವುದಕ್ಕೂ ಸೇರಿದವರಲ್ಲ. ಅವರ ಹಾಡಿನಲ್ಲಿ ಗುಡ್ಡಗಾಡಿನ ಬಿಳಿಯರ ಜಾನಪದ ಧಾಟಿಯೂ ಇದೆ, ಗಾಸ್ಪೆಲ್ ಕೂಡ ಇದೆ. ಅದಕ್ಕೆ ಕಾರಣ ಅವರು ಹುಟ್ಟಿದ ಊರು.

1938ರ ಜುಲೈ 4ರಂದು ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಅವರು ಜನಿಸಿದರು. ಆರು ಮಕ್ಕಳಲ್ಲಿ ಕಿರಿಯವರು. ತಂದೆ ಗಣಿ ಕಾರ್ಮಿಕರು, ತಾಯಿ ಮನೆಗೆಲಸ ಮಾಡುತ್ತಿದ್ದರು. ಮಗುವಿಗೆ ಮೂರು ವರ್ಷವಾಗಿದ್ದಾಗ ತಂದೆತಾಯಿ ಬೇರೆಯಾದುದರಿಂದ ಹುಡುಗ ಹತ್ತಿರದ ಬೆಕ್ಲಿ ಪಟ್ಟಣದಲ್ಲಿ ತಾಯಿಯ ಕಡೆಯವರ ನಡುವೆ ಬೆಳೆದ. ಹದಿಮೂರು ವರ್ಷವಾದಾಗ ತಂದೆ ತೀರಿಕೊಂಡರು. ಕಪ್ಪು ಜನರಿಗೂ ಬಿಳಿಯರಿಗೂ ಶಾಲೆಯಿಂದ ಹಿಡಿದು ಎಲ್ಲವೂ ಬೇರೆಬೇರೆಯಾಗಿದ್ದ ಕಾಲವದು. ಆದರೂ ಗಣಿಯೂರಿನಲ್ಲಿ ಬಡತನ ಎರಡೂ ಕಡೆಗೆ ಸಮನಾಗಿ ಹಂಚಿಹೋಗಿತ್ತು. ನೆರೆಹೊರೆಯವರು ಒಬ್ಬರಿಗೊಬ್ಬರು ಹೆಗಲು ಕೊಡದೆ ಅಲ್ಲಿ ಬದುಕಲು ಆಗುತ್ತಿರಲಿಲ್ಲ ಎಂಬುದನ್ನು ವಿದರ್ಸ್ ಮುಂದೆ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅವರ ಅತ್ಯಂತ ಪ್ರಸಿದ್ಧ ಹಾಡಿನ ಬೇರು ಇಲ್ಲಿಯೇ ಇದೆ.

ಹುಡುಗನಿಗೆ ಉಗ್ಗು ಇತ್ತು. ಮಾತನಾಡಲು ಹೋದರೆ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಎದುರಿಗಿದ್ದವರು ನಗುವುದು ಅಥವಾ ಅವಸರಪಡಿಸುವುದು, ಅದರಿಂದ ಉಗ್ಗು ಇನ್ನಷ್ಟು ಬಿಗಿಯುವುದು, ಇದು ಅವರ ಬಾಲ್ಯದ ನಿತ್ಯದ ಪಾಡು. ಇಪ್ಪತ್ತು ದಾಟಿದ ಮೇಲೂ ಅದು ಅವರನ್ನು ಬಿಡಲಿಲ್ಲ. ಉಗ್ಗಿನ ನಿಜವಾದ ಸಮಸ್ಯೆ ನಾಲಗೆಯದಲ್ಲ, ಎದುರಿನವರು ತನ್ನನ್ನು ಹೇಗೆ ಎಣಿಸುವರೋ ಎಂಬ ಅಳುಕಿನದು ಎಂದು ಅವರು ತಾವೇ ಕಂಡುಕೊಂಡರು. ಉಗ್ಗು ಇರುವವನಿಗೆ ಪ್ರತಿ ಪದವೂ ದುಬಾರಿ, ಆದುದರಿಂದ ಆಡುವ ಮುಂಚೆ ತೂಗಿ ನೋಡುತ್ತಾನೆ. ವಿದರ್ಸ್ ಅವರ ಹಾಡುಗಳಲ್ಲಿ ಪದಗಳು ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಸಾಧಿಸಿ ತೋರಿಸಲು ನನ್ನಿಂದಾಗದು, ಆದರೆ ಆ ಹಾಡುಗಳನ್ನು ಕೇಳುವಾಗಲೆಲ್ಲ ನನಗೆ ಹಾಗೆಯೇ ಅನ್ನಿಸುತ್ತದೆ.

ಆ ಮನೆತನದ ಗಂಡಸರ ದಾರಿ ಗಣಿಗೆ ಇಳಿಯುವುದು. ಹದಿನೇಳರ ವಯಸ್ಸಿನಲ್ಲಿ ವಿದರ್ಸ್ ನೌಕಾಪಡೆಗೆ ಸೇರಿ ಆ ದಾರಿಯಿಂದ ತಪ್ಪಿಸಿಕೊಂಡರು. ಕಪ್ಪು ಯುವಕರಿಗೆ ಅಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಅಡುಗೆಯವರ ಅಥವಾ ಬಡಿಸುವವರ ಕೆಲಸ; ಅದು ಬೇಡವೆಂದು ಹಟ ಹಿಡಿದು ಅವರು ವಿಮಾನ ಮೆಕ್ಯಾನಿಕ್ ತರಬೇತಿ ಪಡೆದರು. ಒಂಬತ್ತು ವರ್ಷ ಅಲ್ಲಿ ದುಡಿದು 1965ರಲ್ಲಿ ಹೊರಬಂದರು. ಹಾಡುವ ಮತ್ತು ಹಾಡು ಕಟ್ಟುವ ಆಸೆ ಚಿಗುರಿದ್ದು ಈ ವರ್ಷಗಳಲ್ಲಿ. ಅದಕ್ಕೊಂದು ಲೌಕಿಕ ಕಾರಣವನ್ನೂ ಅವರು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ. ಓಕ್‌ಲ್ಯಾಂಡ್‌ನ ಒಂದು ಕ್ಲಬ್ಬಿನಲ್ಲಿ ಗಾಯಕ ಲೂ ರಾಲ್ಸ್ ಅವರಿಗಾಗಿ ಜನ ಕಾಯುತ್ತಿದ್ದರು, ಅವರು ತಡವಾಗಿ ಬಂದರು. ವಾರಕ್ಕೆ ಎರಡು ಸಾವಿರ ಡಾಲರ್ ಕೊಡುತ್ತಿದ್ದರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲವಲ್ಲ ಎಂದು ಕ್ಲಬ್ಬಿನ ಮ್ಯಾನೇಜರ್ ಗೊಣಗಿದ. ಗಂಟೆಗೆ ಮೂರು ಡಾಲರ್ ಗಳಿಸುತ್ತಿದ್ದ ವಿದರ್ಸ್ ಅದನ್ನು ಕೇಳಿಸಿಕೊಂಡರು, ಹೆಂಗಸರೆಲ್ಲ ರಾಲ್ಸ್ ಸುತ್ತ ನೆರೆದುದನ್ನೂ ನೋಡಿದರು. ಅನಂತರ ಅಡವು ಅಂಗಡಿಯೊಂದರಲ್ಲಿ ಅಗ್ಗದ ಗಿಟಾರ್ ಕೊಂಡು ತಾವಾಗಿಯೇ ಕಲಿಯತೊಡಗಿದರು. ಸರಸ್ವತಿ ಕನಸಿನಲ್ಲಿ ಬಂದು ಹರಸಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇಂಥ ಪ್ರಾಮಾಣಿಕತೆ ಒಂದು ಬಗೆಯ ಸಮಾಧಾನ ಕೊಡುತ್ತದೆ.

1967ರಲ್ಲಿ ಅವರು ಲಾಸ್ ಏಂಜಲೀಸಿಗೆ ಬಂದರು. ಹಗಲು ಕಾರ್ಖಾನೆ, ಉಳಿದ ಹೊತ್ತಿನಲ್ಲಿ ಹಾಡು. ಸಂಬಳದಲ್ಲಿ ಉಳಿಸಿದ ಹಣದಿಂದಲೇ ಮಾದರಿ ಧ್ವನಿಮುದ್ರಣ ಮಾಡಿಸಿ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಸಸೆಕ್ಸ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದ ಕ್ಲಾರೆನ್ಸ್ ಅವಾಂಟ್ ಅವರು ಕಿವಿಗೊಟ್ಟರು, ಮೆಂಫಿಸ್‌ನ ಹೆಸರಾಂತ ಆರ್ಗನ್ ವಾದಕ ಬುಕರ್ ಟಿ. ಜೋನ್ಸ್ ಅವರನ್ನು ನಿರ್ಮಾಪಕರನ್ನಾಗಿ ನೇಮಿಸಿದರು. ಬುಕರ್ ಟಿ. ನೆನೆಯುವ ಪ್ರಸಂಗವೊಂದಿದೆ. ಸ್ಟುಡಿಯೊದಲ್ಲಿ ವಾದ್ಯಗಾರರೆಲ್ಲ ಅಣಿಯಾಗಿದ್ದಾಗ ವಿದರ್ಸ್ ಈ ಬುಕರ್ ಟಿ. ಅವರನ್ನು ಪಕ್ಕಕ್ಕೆ ಕರೆದು, ಈ ಹಾಡುಗಳನ್ನು ಹಾಡುವವರು ಯಾರು ಎಂದು ಕೇಳಿದರಂತೆ. ನೀವೇ ಎಂಬ ಉತ್ತರ ಬಂತು. ಹಾಡು ಬರೆದವನೇ ಹಾಡಬೇಕೆಂಬುದು, ತನ್ನ ದನಿ ಆ ಕೋಣೆಗೆ ಸಲ್ಲುವುದೆಂಬುದು, ಅಲ್ಲಿಯವರೆಗೂ ಅವರಿಗೆ ಖಾತ್ರಿಯಾಗಿರಲಿಲ್ಲ.

ಆ ಕೋಣೆಯಲ್ಲಿದ್ದವರನ್ನು ನೋಡಿದರೆ ಅಳುಕು ಸಹಜವೇ. ಬಾಸ್ ಗಿಟಾರಿಗೆ ಡೊನಾಲ್ಡ್ ‘ಡಕ್’ ಡನ್, ಡ್ರಮ್ಸಿಗೆ ಆಲ್ ಜಾಕ್ಸನ್ ಜೂನಿಯರ್. ಇಬ್ಬರೂ ಸ್ಟ್ಯಾಕ್ಸ್ ಸಂಗೀತದ ಬೆನ್ನೆಲುಬು. ಗಿಟಾರಿಗೆ ಸ್ಟೀಫನ್ ಸ್ಟಿಲ್ಸ್. ಬ್ರಿಟಿಷ್ ಗಾಯಕ ಗ್ರಹಾಂ ನ್ಯಾಶ್ ಅವರು ವಿದರ್ಸ್ ಎದುರಿಗೇ ಕುಳಿತು, ನೀವು ಎಷ್ಟು ಚೆನ್ನಾಗಿ ಹಾಡುತ್ತೀರೆಂದು ನಿಮಗೇ ಗೊತ್ತಿಲ್ಲ ಎಂದು ಧೈರ್ಯ ತುಂಬಿದರು. ವಿದರ್ಸ್ ಹಾಡುವಾಗ ಕಾಲಿನಿಂದ ತಾಳ ಹಾಕುತ್ತಿದ್ದರು. ಧ್ವನಿಮುದ್ರಣದ ಬಿಲ್ ಹಾಲ್ವರ್ಸನ್ ಆ ತಾಳವನ್ನು ಅಡಗಿಸುವ ಬದಲು ಅವರ ಕಾಲಕೆಳಗೆ ಮರದ ಪೆಟ್ಟಿಗೆಯಂಥದೊಂದನ್ನು ಇಟ್ಟು ಅದಕ್ಕೂ ಒಂದು ಮೈಕ್ ಹಿಡಿದರು. ಆ ಬಡಿತ ಇಂದಿಗೂ ತಟ್ಟೆಯಲ್ಲಿ ಕೇಳುತ್ತದೆ.

ಈಗ ‘ಏಂಟ್ ನೋ ಸನ್‌ಶೈನ್’ ಹಾಡಿಗೆ ಬರೋಣ. ಕುಡಿತಕ್ಕೆ ಬಲಿಯಾದ ದಂಪತಿಯ ಕಥೆಯುಳ್ಳ, ಜ್ಯಾಕ್ ಲೆಮನ್ ಮತ್ತು ಲೀ ರೆಮಿಕ್ ನಟಿಸಿದ 1962ರ ‘ಡೇಸ್ ಆಫ್ ವೈನ್ ಆ್ಯಂಡ್ ರೋಸಸ್’ ಚಿತ್ರವನ್ನು ದೂರದರ್ಶನದಲ್ಲಿ ನೋಡುತ್ತಿದ್ದಾಗ ಇದರ ಎಳೆ ಹೊಳೆಯಿತೆಂದು ವಿದರ್ಸ್ ಹೇಳಿದ್ದಾರೆ. ತಮಗೆ ಕೇಡು ಎಂದು ತಿಳಿದಿದ್ದರೂ ಒಬ್ಬರನ್ನೊಬ್ಬರು ಬಿಡಲಾಗದ ಇಬ್ಬರು. ಹಾಡಿನ ಮಾತು ಬಹಳ ಸರಳ: ಅವಳು ಇಲ್ಲದಾಗ ಬಿಸಿಲಿಲ್ಲ, ಅವಳು ಹೋದಾಗಲೆಲ್ಲ ಬಹಳ ಹೊತ್ತು ಹೋಗಿರುತ್ತಾಳೆ, ಈ ಮನೆ ಮನೆಯಲ್ಲ. ಉಪಮೆಯಿಲ್ಲ, ವಿವರಣೆಯಿಲ್ಲ, ಎರಡು ನಿಮಿಷದ ಆಸುಪಾಸಿನಲ್ಲಿ ಹಾಡೇ ಮುಗಿದುಹೋಗುತ್ತದೆ. ಆದರೆ ನಡುವೆ ಒಂದು ವಿಚಿತ್ರ ನಡೆಯುತ್ತದೆ. ಮೂರನೆಯ ಚರಣ ಬರಬೇಕಾದ ಜಾಗದಲ್ಲಿ ಗಾಯಕರು ‘ಐ ನೋ’, ಅಂದರೆ ‘ನನಗೆ ಗೊತ್ತು’ ಎಂಬ ಎರಡೇ ಪದಗಳನ್ನು ಇಪ್ಪತ್ತಾರು ಸಲ ಹೇಳುತ್ತಾರೆ.

ಅಲ್ಲಿ ಬೇರೆ ಸಾಲುಗಳನ್ನು ಬರೆದು ತುಂಬಿಸುವುದು ವಿದರ್ಸ್ ಅವರ ಯೋಜನೆಯಾಗಿತ್ತು. ಜೊತೆಗಿದ್ದ ಅನುಭವಿ ವಾದ್ಯಗಾರರು ಹಾಗೆಯೇ ಬಿಡಿ ಎಂದರು, ಕಾರ್ಖಾನೆಯ ಕೆಲಸಗಾರನಾದ ತಾನು ಅವರ ಮಾತು ಕೇಳುವುದೇ ಸರಿ ಎಂದು ಇವರು ಬಿಟ್ಟರು. ಖಾಲಿ ಜಾಗ ಕಾಯಲು ಇಟ್ಟ ಮಾತು ಹಾಡಿನ ಜೀವವೇ ಆಗಿ ಉಳಿಯಿತು. ನೀವು ಈಗ ಕೇಳಿದಿರಿ. ಮೊದಮೊದಲು ಅದು ತಿಳಿವಳಿಕೆಯ ಮಾತಿನಂತೆ ಕೇಳುತ್ತದೆ, ಹತ್ತನೆಯ ಸಲಕ್ಕೆ ಯಾರೋ ಬುದ್ಧಿ ಹೇಳುತ್ತಿರುವಾಗ ಅವರ ಬಾಯಿ ಮುಚ್ಚಿಸುವ ಮಾತಾಗುತ್ತದೆ, ಇಪ್ಪತ್ತು ದಾಟುವಾಗ ಅರ್ಥವೆಲ್ಲ ಸವೆದುಹೋಗಿ ಬರಿಯ ಉಸಿರಿನ ಲಯವಾಗಿ ಉಳಿಯುತ್ತದೆ. ಒಂದೇ ಸಾಲನ್ನು ಸಂಗತಿಗಳ ಮೇಲೆ ಸಂಗತಿ ಹಾಕಿ ಬೆಳೆಸುವುದನ್ನು ಕೇಳಿ ಬಲ್ಲ ನಮ್ಮ ಕಿವಿಗಳಿಗೆ ಇದು ತೀರ ಹೊಸದಲ್ಲ. ಆದರೆ ಸಂಗತಿಯಲ್ಲಿ ಸ್ವರ ಬೆಳೆಯುತ್ತದೆ, ಇಲ್ಲಿ ಸ್ವರವೂ ಬೆಳೆಯುವುದಿಲ್ಲ, ಪದವೂ ಬೆಳೆಯುವುದಿಲ್ಲ. ಉಗ್ಗುತ್ತಿದ್ದ ಹುಡುಗ ಒಂದೇ ಪದದಲ್ಲಿ ಸಿಕ್ಕಿಕೊಳ್ಳುವ ಅವಮಾನವನ್ನು ಇಲ್ಲಿ ತನ್ನ ಅಧೀನಕ್ಕೆ ತಂದುಕೊಂಡನೇ? ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುತ್ತೇನೆ.

ಸ್ವಾರಸ್ಯವೆಂದರೆ ಕಂಪನಿ ಈ ಹಾಡನ್ನು ತಟ್ಟೆಯ ಹಿಂಬದಿಗೆ ಹಾಕಿತ್ತು. ಮುಂಬದಿಯಲ್ಲಿದ್ದುದು ‘ಹಾರ್ಲೆಮ್’ ಎಂಬ ಹಾಡು. ಆಕಾಶವಾಣಿ ಕೇಂದ್ರಗಳ ನಿರೂಪಕರು ತಟ್ಟೆ ಮಗುಚಿ ಹಾಕತೊಡಗಿದರು, ಹಿಂಬದಿಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು. ಇಷ್ಟಾದರೂ ವಿದರ್ಸ್ ಕಾರ್ಖಾನೆಯ ಕೆಲಸವನ್ನು ಒಮ್ಮೆಗೇ ಬಿಟ್ಟವರಲ್ಲ. ಸಂಗೀತದ ವ್ಯಾಪಾರ ಇಂದಿದ್ದು ನಾಳೆ ಇಲ್ಲದ್ದು ಎಂಬುದು ಅವರ ಖಚಿತ ನಂಬಿಕೆ. ನಡುವೆ ಕಾರ್ಖಾನೆಯವರು ಕೆಲವರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸಿದ್ದಾಗ, ಒಂದೇ ದಿನ ಎರಡು ಪತ್ರ ಬಂದವೆಂದು ಅವರು ಹೇಳುತ್ತಿದ್ದರು: ಒಂದು ಕೆಲಸಕ್ಕೆ ಮರಳಿ ಬನ್ನಿ ಎಂದು, ಇನ್ನೊಂದು ಜಾನಿ ಕಾರ್ಸನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಲು ಬನ್ನಿ ಎಂದು. ಹಾಡು ಲಕ್ಷಗಟ್ಟಲೆ ಮಾರಾಟವಾದಾಗ ಧ್ವನಿಮುದ್ರಣ ಕಂಪನಿಯವರು ಅವರಿಗೆ ಉಡುಗೊರೆಯಾಗಿ ಕೊಟ್ಟದ್ದು ಚಿನ್ನದ ಬಣ್ಣದ ಒಂದು ಶೌಚಾಲಯದ ಆಸನವನ್ನು.

ಅದೇ ಮೊದಲ ಆಲ್ಬಮ್‌ನಲ್ಲಿ ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಇದೆ. ಅಜ್ಜಿಯ ಕೈಗಳು. ಪ್ರೇಮಗೀತೆಗಳಿಂದಲೇ ಹೊಟ್ಟೆ ಹೊರೆಯುವ ಜನಪ್ರಿಯ ಸಂಗೀತದಲ್ಲಿ ಮುದುಕಿಯೊಬ್ಬರ ಕೈಗಳ ಮೇಲೆ ಹಾಡು ಕಟ್ಟುವುದು ಅಂದು ಯಾರಿಗೂ ಹೊಳೆಯುವಂಥದಲ್ಲ. ತಾಯಿಯ ತಾಯಿಯಾದ ಆ ಅಜ್ಜಿ ಭಾನುವಾರದ ಬೆಳಿಗ್ಗೆ ಚರ್ಚಿನಲ್ಲಿ ಚಪ್ಪಾಳೆ ತಟ್ಟುತ್ತಾರೆ, ತಂಬೂರಿ ನುಡಿಸುತ್ತಾರೆ (ನಮ್ಮ ತಂಬೂರಿಯಲ್ಲ, ಗೆಜ್ಜೆ ಕಟ್ಟಿದ ಕಂಜೀರದಂಥ ವಾದ್ಯ), ಓಡಬೇಡವೋ ಹುಲ್ಲಿನಲ್ಲಿ ಗಾಜಿನ ಚೂರೋ ಹಾವೋ ಇದ್ದೀತೆಂದು ಎಚ್ಚರಿಸುತ್ತಾರೆ, ಬಿದ್ದಾಗಲೆಲ್ಲ ಎತ್ತಿಕೊಳ್ಳುತ್ತಾರೆ, ಹೊಡೆಯಹೋದ ತಾಯಿಯ ಕೈ ತಡೆಯುತ್ತಾರೆ. ಮದುವೆಯಾಗದೆ ಬಸುರಾದ ಊರಿನ ಹುಡುಗಿಯನ್ನು ಸಂತೈಸುವ ಕೈಗಳೂ ಅವೇ. ಆ ಕೈಗಳು ಕೆಲವೊಮ್ಮೆ ಬಾತು ನೋಯುತ್ತವೆ ಎಂಬ ಒಂದೇ ಸಾಲಿನಲ್ಲಿ ಆ ಜೀವದ ದುಡಿಮೆಯೆಲ್ಲ ಬಂದುಬಿಡುತ್ತದೆ. ಸಾಲುಗಳು ಮತ್ತೆ ಮತ್ತೆ ‘ಅಜ್ಜಿಯ ಕೈಗಳು’ ಎಂದೇ ಶುರುವಾಗುತ್ತವೆ. ಕೊನೆಗೆ ಬರುವ ಸಾವನ್ನು ಆತ ಸಾವು ಎಂದೂ ಕರೆಯುವುದಿಲ್ಲ, ಸ್ವರ್ಗಕ್ಕೆ ಹೋದರೆ ಮೊದಲು ಆ ಕೈಗಳನ್ನು ಹುಡುಕುತ್ತೇನೆ ಎಂದಷ್ಟೇ ಹೇಳುತ್ತಾನೆ. ಇದು ನನ್ನ ಮಟ್ಟಿಗೆ ವಿದರ್ಸ್ ಅವರ ಅತ್ಯುತ್ತಮ ರಚನೆ. 1996ರಲ್ಲಿ ಬ್ಲ್ಯಾಕ್‌ಸ್ಟ್ರೀಟ್ ತಂಡ ತನ್ನ ಪ್ರಸಿದ್ಧ ಹಾಡಿಗೆ ಇದರ ಆರಂಭದ ಗುನುಗನ್ನು ಎತ್ತಿಕೊಂಡಿತು. ಹೀಗೆ ವೆಸ್ಟ್ ವರ್ಜೀನಿಯಾದ ಅಜ್ಜಿ ಇಪ್ಪತ್ತೈದು ವರ್ಷಗಳ ಬಳಿಕ ಕುಣಿತದ ಮನೆಗಳನ್ನೂ ಹೊಕ್ಕರು.

1972ರ ‘ಸ್ಟಿಲ್ ಬಿಲ್’ ಎರಡನೆಯ ಆಲ್ಬಮ್. ಇದರಲ್ಲಿ ನುಡಿಸಿದವರು ಲಾಸ್ ಏಂಜಲೀಸಿನ ವಾಟ್ಸ್ 103ನೇ ಬೀದಿಯ ತಂಡದಿಂದ ಬಂದ ಜೇಮ್ಸ್ ಗ್ಯಾಡ್ಸನ್, ಮೆಲ್ವಿನ್ ಡನ್‌ಲ್ಯಾಪ್, ರೇ ಜಾಕ್ಸನ್ ಮತ್ತು ಬೆನೋರ್ಸ್ ಬ್ಲ್ಯಾಕ್‌ಮನ್. ‘ಯೂಸ್ ಮಿ’ ಎಂಬ ಹಾಡಿನಲ್ಲಿ ಗ್ಯಾಡ್ಸನ್ ಅವರ ಡ್ರಮ್ಸ್ ಕೇಳಿ. ಗಾಯಕ ಮತ್ತು ಡ್ರಮ್ಸ್ ನಡುವಿನ ಆ ಬಿಗುವು ಒಳ್ಳೆಯ ಕಛೇರಿಯ ಮೃದಂಗದವರು ತುಸು ಹಿಂದೆ ನಿಂತು ನಡೆಸುವ ಬಿಗುವಿನಂಥದು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ‘ಲೀನ್ ಆನ್ ಮಿ’ ಎಂಬ ಹಾಡನ್ನು.

ಅದು ಹುಟ್ಟಿದ ಬಗೆ ಹೀಗೆ. ಕೈಗೆ ಸ್ವಲ್ಪ ದುಡ್ಡು ಬಂದ ಮೇಲೆ ವಿದರ್ಸ್ ಒಂದು ವುರ್ಲಿಟ್ಜರ್ ವಿದ್ಯುತ್ ಪಿಯಾನೊ ಕೊಂಡರು. ನುಡಿಸಲು ಬಾರದು. ಬೆರಳುಗಳ ಜೋಡಣೆಯನ್ನು ಬದಲಿಸದೆ ಕೈಯನ್ನು ಒಂದೊಂದೇ ಮನೆ ಮೇಲಕ್ಕೆ ಜರುಗಿಸಿದರು, ಮತ್ತೆ ಹಾಗೆಯೇ ಕೆಳಕ್ಕೆ ಇಳಿಸಿದರು. ಬಂದದ್ದು ಸ ರಿ ಗ ಮ, ಮ ಗ ರಿ ಸ. ಈ ಸಭೆಯಲ್ಲಿ ಬಾಲ್ಯದಲ್ಲಿ ಸರಳೆ ವರಸೆ ಹಾಡಿದವರು ಹಲವರಿದ್ದೀರಿ, ನಿಮಗೆ ಇದು ನಗು ತರಿಸಬಹುದು. ನಾವು ಕಲಿಯುವುದು ಮಾಯಾಮಾಳವಗೌಳದಲ್ಲಿ, ಇವರದು ಶಂಕರಾಭರಣದ ಸ್ವರಗಳು. ಈ ನಾಲ್ಕು ಸ್ವರಗಳ ಮಟ್ಟಿಗೆ ವ್ಯತ್ಯಾಸವಿರುವುದು ರಿಷಭದಲ್ಲಿ ಮಾತ್ರ. ಮೊದಲ ಪಾಠಕ್ಕಿಂತ ಮೇಲಕ್ಕೆ ಹೋಗದ ಈ ಏರಿಳಿತಕ್ಕೆ ಅವರು ಹೊಂದಿಸಿದ್ದು ಸ್ಲ್ಯಾಬ್ ಫೋರ್ಕಿನ ನೆರೆಹೊರೆಯ ಮಾತನ್ನು: ನಿನಗೆ ಬಲ ಸಾಲದಾಗ ನನ್ನ ಮೇಲೆ ಒರಗು, ಇನ್ನು ಸ್ವಲ್ಪ ದಿನಕ್ಕೆ ನನಗೂ ಒರಗಲು ಯಾರಾದರೂ ಬೇಕಾದೀತು. ಈ ಎರಡನೆಯ ಭಾಗವೇ ಹಾಡನ್ನು ಉಪದೇಶವಾಗದಂತೆ ಕಾಪಾಡಿದೆ. ಇಲ್ಲಿ ಕೊಡುವವನು ದೊಡ್ಡವನಲ್ಲ, ಕೈಗಡ ಕೊಟ್ಟು ನಾಳೆ ಕೈಗಡ ಪಡೆಯುವ ಪಕ್ಕದ ಮನೆಯವನು. 1972ರ ಜುಲೈಯಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ತಲುಪಿ ಮೂರು ವಾರ ಅಲ್ಲಿಯೇ ಇತ್ತು. 1987ರಲ್ಲಿ ಕ್ಲಬ್ ನುವೋ ಎಂಬ ತಂಡ ಹಾಡಿದಾಗ ಮತ್ತೊಮ್ಮೆ ಮೊದಲ ಸ್ಥಾನಕ್ಕೇರಿತು, ಬರೆದವರೆಂಬ ನೆಲೆಯಲ್ಲಿ ಮನೆಯಲ್ಲಿ ಕುಳಿತಿದ್ದ ವಿದರ್ಸ್ ಅವರಿಗೆ ಇನ್ನೊಂದು ಗ್ರ್ಯಾಮಿ ಬಂತು.

ಅದೇ 1972ರ ಅಕ್ಟೋಬರ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ಕಾರ್ಯಕ್ರಮ ಕೊಟ್ಟರು, ಅದರ ಧ್ವನಿಮುದ್ರಣ ಮರುವರ್ಷ ಪ್ರಕಟವಾಯಿತು. ಅದರಲ್ಲಿ ‘ಐ ಕಾಂಟ್ ರೈಟ್ ಲೆಫ್ಟ್-ಹ್ಯಾಂಡೆಡ್’ ಎಂಬ ಹಾಡಿದೆ. ವಿಯೆಟ್ನಾಂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಯುವಕ ಅಮ್ಮನಿಗೆ ಕಾಗದ ಬರೆದುಕೊಡಿರೆಂದು ಪಕ್ಕದವರನ್ನು ಕೇಳುತ್ತಾನೆ, ಏಕೆಂದರೆ ಎಡಗೈಯಲ್ಲಿ ಬರೆಯಲು ಬರುವುದಿಲ್ಲ. ತಮ್ಮನಿಗೂ ಕರೆ ಬರದಂತೆ ವಕೀಲರನ್ನು ನೋಡಲು ಹೇಳಿ ಎಂದು ಬರೆಸುತ್ತಾನೆ. ಅಂದಿನ ಯುದ್ಧವಿರೋಧಿ ಹಾಡುಗಳಲ್ಲಿ ಘೋಷಣೆ ಹೆಚ್ಚು, ಇಲ್ಲಿ ಒಂದೂ ಇಲ್ಲ. ಒಂಬತ್ತು ವರ್ಷ ಸಮವಸ್ತ್ರ ತೊಟ್ಟವರು ಬರೆದ ಹಾಡಿದು; ಸೈನಿಕನ ಮೊದಲ ಚಿಂತೆ ಯುದ್ಧನೀತಿಯಲ್ಲ, ಮನೆಗೆ ಕಾಗದ ಹೇಗೆ ಕಳಿಸುವುದೆಂಬುದು ಎಂದು ಅವರಿಗೆ ಗೊತ್ತಿತ್ತು.

ಮುಂದಿನ ದಿನಗಳು ಇಷ್ಟು ಸುಗಮವಲ್ಲ, ಅವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1974ರ ಸೆಪ್ಟೆಂಬರಿನಲ್ಲಿ, ಮಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್ಮನ್ ಅವರ ಮುಷ್ಟಿಯುದ್ಧಕ್ಕೆ ಹೊಂದಿಸಿ ಆಫ್ರಿಕದ ಕಿನ್ಶಾಸಾ ನಗರದಲ್ಲಿ ನಡೆದ ಸಂಗೀತೋತ್ಸವದಲ್ಲಿ ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್ ಮುಂತಾದವರೊಡನೆ ಅವರೂ ಹಾಡಿದರು. ಅಷ್ಟರಲ್ಲಿ ಸಸೆಕ್ಸ್ ಕಂಪನಿಯೊಡನೆ ಹಣದ ವಿಚಾರದಲ್ಲಿ ಮನಸ್ತಾಪ ಬೆಳೆದಿತ್ತು. ಸಿಟ್ಟಿನಲ್ಲಿ, ಮಾಡಿಟ್ಟಿದ್ದ ಒಂದಿಡೀ ಆಲ್ಬಮ್ಮಿನ ಟೇಪನ್ನು ತಾವೇ ಅಳಿಸಿಹಾಕಿದೆನೆಂದು ಅವರು ಹೇಳಿಕೊಂಡಿದ್ದಾರೆ. 1975ರಲ್ಲಿ ಆ ಕಂಪನಿ ಮುಚ್ಚಿತು, ವಿದರ್ಸ್ ದೈತ್ಯ ಸಂಸ್ಥೆಯಾದ ಕೊಲಂಬಿಯಾ ರೆಕಾರ್ಡ್ಸಿಗೆ ಹೋದರು. ಅಲ್ಲಿ ಮಾಡಿದ ಆಲ್ಬಮ್‌ಗಳು ನನ್ನ ಕಿವಿಗೆ ಏಕಪ್ರಕಾರವಾಗಿ ಕೇಳುವುದಿಲ್ಲ; ತಂತಿವಾದ್ಯಗಳ ಅಲಂಕಾರ ಹೆಚ್ಚಿ, ಮರದ ಪೆಟ್ಟಿಗೆಯ ಮೇಲಿನ ಕಾಲಿನ ಬಡಿತ ಕಾಣೆಯಾಗಿದೆ. ಆದರೂ 1977ರ ‘ಲವ್ಲಿ ಡೇ’ ಯಾವ ಕಾಲಕ್ಕೂ ಒಳ್ಳೆಯ ಹಾಡು. ಸ್ಕಿಪ್ ಸ್ಕಾರ್ಬರೋ ಅವರೊಡನೆ ಸೇರಿ ಬರೆದ ಅದರ ಕೊನೆಯಲ್ಲಿ ವಿದರ್ಸ್ ಒಂದೇ ಸ್ವರವನ್ನು ಸುಮಾರು 18 ಸೆಕೆಂಡುಗಳ ಕಾಲ ಹಿಡಿದು ನಿಲ್ಲುತ್ತಾರೆ. ಅಷ್ಟು ಹೊತ್ತೂ ಪ್ರದರ್ಶನದ ಭಾವವಿಲ್ಲ, ಬೆಳಗಿನ ಬಿಸಿಲಿಗೆ ಮುಖವೊಡ್ಡಿ ನಿಂತವರ ಆರಾಮವಿದೆ. 1981ರಲ್ಲಿ ಸ್ಯಾಕ್ಸಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರಿಗಾಗಿ ಹಾಡಿದ ‘ಜಸ್ಟ್ ದ ಟೂ ಆಫ್ ಅಸ್’ ಎರಡನೆಯ ಸ್ಥಾನದವರೆಗೆ ಹೋಯಿತು, ಗ್ರ್ಯಾಮಿಯನ್ನೂ ತಂದಿತು. ಗಮನಿಸಿ, ಅದು ಪ್ರಕಟವಾದದ್ದು ಕೊಲಂಬಿಯಾದಿಂದಲ್ಲ.

ಕೊಲಂಬಿಯಾದಲ್ಲಿ 1978ರಿಂದ 1985ರವರೆಗೆ ಅವರದೊಂದೂ ಆಲ್ಬಮ್ ಬರಲಿಲ್ಲ. ಯಾವ ಹಾಡು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತೀರ್ಮಾನಿಸುವ ಅಧಿಕಾರಿಗಳು ತಂದ ಹಾಡುಗಳನ್ನೆಲ್ಲ ತಿರಸ್ಕರಿಸಿದರು. ಎಲ್ವಿಸ್ ಪ್ರೆಸ್ಲಿ ಹಾಡಿದ ಒಂದು ಹಾಡನ್ನು ನೀವೂ ಹಾಡಬಾರದೇಕೆ ಎಂಬ ಸಲಹೆ ಕೊಟ್ಟರು. ಅಜ್ಜಿಯ ಕೈಗಳ ಮೇಲೆ ಹಾಡು ಬರೆದವರಿಗೆ ಈ ಸಲಹೆ! ಕಪ್ಪು ಸಂಗೀತ ಹೇಗಿರಬೇಕೆಂದು ತಮಗೇ ಪಾಠ ಹೇಳಬಂದ ಪಂಡಿತರನ್ನು ವಿದರ್ಸ್ ಕಡೆಯವರೆಗೂ ಗೇಲಿ ಮಾಡುತ್ತಿದ್ದರು. ಕೊನೆಗೆ 1985ರಲ್ಲಿ ‘ವಾಚಿಂಗ್ ಯೂ ವಾಚಿಂಗ್ ಮಿ’ ಹೊರಬಂದಾಗ ಅದರಲ್ಲಿದ್ದ ಹಲವು ಹಾಡುಗಳು ಮೂರು ವರ್ಷ ಹಿಂದೆ ಇದೇ ಕಂಪನಿ ಬೇಡವೆಂದವೇ ಆಗಿದ್ದವು. ಅದೇ ಕಡೆಯ ಆಲ್ಬಮ್.

ಬಿಟ್ಟ ಮೇಲೆ ಕೊರಗಿದರೇ ಎಂದು ಜನ ಕೇಳುತ್ತಲೇ ಇದ್ದರು. ಹೆಂಡತಿ ಮಾರ್ಷಾ, ಟಾಡ್ ಮತ್ತು ಕೋರಿ ಎಂಬ ಇಬ್ಬರು ಮಕ್ಕಳು, ಹಾಡುಗಳ ಪ್ರಕಟಣೆಯ ಹಕ್ಕಿನಿಂದ ಬರುವ ಆದಾಯ, ಮನೆ ರಿಪೇರಿಯ ಕೆಲಸ, ಇಷ್ಟರಲ್ಲಿ ಅವರು ನೆಮ್ಮದಿಯಾಗಿದ್ದಂತೆಯೇ ಕಾಣುತ್ತದೆ. ಮೂವತ್ತರವರೆಗೆ ಹಾಡದೆಯೂ ಬದುಕಿದ್ದವರಿಗೆ ಹಾಡದೆ ಬದುಕುವುದು ಹೊಸದಲ್ಲವಷ್ಟೆ. 2009ರಲ್ಲಿ ಅವರನ್ನು ಕುರಿತು ಬಂದ ‘ಸ್ಟಿಲ್ ಬಿಲ್’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ನ್ಯೂಯಾರ್ಕಿನಲ್ಲಿ ಉಗ್ಗು ಇರುವ ಮಕ್ಕಳ ರಂಗತಂಡವೊಂದನ್ನು ಭೇಟಿಯಾಗುವ ದೃಶ್ಯವಿದೆ. ಮಕ್ಕಳು ಹಾಡುವುದನ್ನೂ ಮಾತನಾಡುವುದನ್ನೂ ನೋಡುತ್ತಾ ಆ ಎಪ್ಪತ್ತರ ಹಿರಿಯರು ಕಣ್ಣೀರು ಒರೆಸಿಕೊಳ್ಳುತ್ತಾರೆ. 2015ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸ್ಟೀವಿ ವಂಡರ್ ಬರಮಾಡಿಕೊಂಡರು. ಸಭೆಯಲ್ಲಿ ತುಂಬಿದ್ದ ರಾಕ್ ತಾರೆಯರನ್ನು ನೋಡಿ, ಭೂಗೋಳದ ಈ ಅರ್ಧದಲ್ಲೇ ಇದು ಕುಡಿತ ಬಿಟ್ಟವರ ಅತಿ ದೊಡ್ಡ ಸಭೆ ಇರಬೇಕು ಎಂದು ವಿದರ್ಸ್ ನಗೆಯೆಬ್ಬಿಸಿದರು. 2020ರ ಮಾರ್ಚ್ 30ರಂದು ಹೃದಯದ ತೊಂದರೆಯಿಂದ ಲಾಸ್ ಏಂಜಲೀಸಿನಲ್ಲಿ ಅವರು ತೀರಿಕೊಂಡರು, ವಯಸ್ಸು 81. ಕೋವಿಡ್‌ನ ಮೊದಲ ವಾರಗಳವು. ಮನೆಗಳಲ್ಲಿ ಸಿಕ್ಕಿಕೊಂಡ ಜನ, ಆಸ್ಪತ್ರೆಯ ಸಿಬ್ಬಂದಿ ‘ಲೀನ್ ಆನ್ ಮಿ’ ಹಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಅದನ್ನು ಬರೆದವರ ಸಾವಿನ ಸುದ್ದಿ ಬಂತು.

ಕೊನೆಯಲ್ಲಿ ಕಾರ್ನೆಗಿ ಹಾಲ್‌ನ ಧ್ವನಿಮುದ್ರಣದಿಂದ ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಕೇಳಿಸುತ್ತೇನೆ. ಹಾಡು ಶುರುವಾಗುವ ಮೊದಲು ಅವರು ಅಜ್ಜಿಯ ಬಗ್ಗೆ, ಅವರ ಚರ್ಚಿನ ಬಗ್ಗೆ ಬಿಡುಬೀಸಾಗಿ ಮಾತನಾಡುತ್ತಾರೆ, ತುಂಬಿದ ಸಭೆಯನ್ನು ನಗಿಸುತ್ತಾರೆ. ಆಕಳಿಕೆ ಬಂದವರು ಹಾಡು ಬರುವವರೆಗೆ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು. ಆದರೆ ನನ್ನ ಮಾತು ಕೇಳುವುದಾದರೆ ಇಲ್ಲೇ ಕುಳಿತಿರಿ, ಆ ಮಾತನ್ನು ಕೇಳಿ. ಒಂದು ಕಡೆಯೂ ಅವರು ಉಗ್ಗುವುದಿಲ್ಲ.